ಗಾಳದ ತುದಿ ದಾರ

ನಮ್ಮ ಊರ ಕೆರೆ ಏರಿಯ ಮೇಲೆ ಸಂಜೆ ಹೊತ್ತು ನಾಲ್ಕಾರು ಜನ ಗಾಳ ಹಾಕಿ ಕೂರುತ್ತಾರೆ. ಒಂದು ದಿನ ನಾವೂ ಹೋಗಿ ಕೂತಿದ್ದೆವು. ಪಕ್ಕದಲ್ಲಿ ನಮ್ಮ ರಾತ್ರಿ ಶಾಲೆಗೆ ಬರುವ ಅಜ್ಜ ಒಬ್ಬರು ಇದ್ದರು. ಅವರ ಬೆಂಡು ಗುಳುಂ ಅಂತ ಮುಳುಗಿತು. ಕೋಲು ಬಿಲ್ಲಿನ ಹಾಗೆ ಬಾಗಿತು. ದೊಡ್ಡ ಮೀನೇ ಇರಬೇಕು. ಅಷ್ಟರಲ್ಲಿ ಪಟ್ಟನೆ ದಾರ ಹರಿಯಿತು. ಮೀನೂ ಹೋಯ್ತು, ಕೊಕ್ಕೆಯೂ ಹೋಯ್ತು. ಅವತ್ತಿನ ಸಾರೂ ಹೋಯ್ತು.

"ಹೊಸಾ ದಾರ ಮೇಷ್ಟ್ರೇ. ಮೊನ್ನೆ ಸಂತೇಲಿ ತಂದದ್ದು" ಅಂದರು ಅಜ್ಜ. "ಒಂದು ರೀಲಿನ ಮೇಲೆ 0.3 ಅಂತಿತ್ತು. ಇನ್ನೊಂದರ ಮೇಲೆ 0.18. ಮೂರಕ್ಕಿಂತ ಹದಿನೆಂಟು ದೊಡ್ಡದಲ್ವಾ ಅಂತ ಇದನ್ನೇ ತಂದೆ."

ಅಜ್ಜ ಅಂಕಿ ಓದಿದ್ದು ಸರಿಯಾಗಿಯೇ ಇತ್ತು. ಚುಕ್ಕಿ ಅವರಿಗೆ ಮೋಸ ಮಾಡಿತು. ರೂಪಾಯಿ ಲೆಕ್ಕದಲ್ಲಿ ನೋಡಿ. 0.3 ರೂಪಾಯಿ ಅಂದರೆ 30 ಪೈಸೆ. 0.18 ರೂಪಾಯಿ ಅಂದರೆ 18 ಪೈಸೆ. ಯಾವುದು ಹೆಚ್ಚು? ದಾರದ ಲೆಕ್ಕವೂ ಹೀಗೆಯೇ. ರೀಲಿನ ಮೇಲೆ ಬರೆದದ್ದು ದಾರದ ದಪ್ಪ. ಒಂದು ಮಿಲಿಮೀಟರನ್ನು ನೂರು ಪಾಲು ಮಾಡಿದರೆ ಅದರಲ್ಲಿ 30 ಪಾಲು 0.3 ಆಗುತ್ತದೆ. 18 ಪಾಲು 0.18 ಆಗುತ್ತದೆ.

ಇನ್ನೊಂದು ಮಾತು. ದಪ್ಪ ಎರಡರಷ್ಟಾದರೆ ಶಕ್ತಿ ಎರಡರಷ್ಟಲ್ಲ, ಸುಮಾರು ನಾಲ್ಕರಷ್ಟು ಆಗುತ್ತದೆ. ಎಷ್ಟು ಕಿಲೋ ತಡೆಯುತ್ತದೆ ಅಂತ ರೀಲಿನ ಮೇಲೇ ಬರೆದಿರುವುದುಂಟು. ಅದನ್ನು ಪೂರ್ತಿ ನಂಬಬೇಡಿ. ಗಂಟು ಹಾಕಿದ ಕಡೆ ದಾರ ಸೋಲುತ್ತದೆ. ಮೀನು ಜಗ್ಗುವಾಗ ತನ್ನ ತೂಕಕ್ಕಿಂತ ಹೆಚ್ಚು ಜಗ್ಗೀತು.

ಹಾಗಾದರೆ ದಪ್ಪ ದಾರವನ್ನೇ ಕಟ್ಟಿದರೆ ಆಗದೇ? ಆಗದು. ತಿಳಿ ನೀರಿನಲ್ಲಿ ಮೀನಿಗೆ ದಪ್ಪ ದಾರ ಕಾಣುತ್ತದೆ. ಅದು ಸೆಡೆತುಕೊಂಡು ನಿಲ್ಲುತ್ತದೆ. ಎರೆಹುಳ ನೀರಿನಲ್ಲಿ ಸಲೀಸಾಗಿ ಆಡುವುದಿಲ್ಲ. ಮೀನು ಮೂಸಿ ನೋಡಿ ಹೋಗುತ್ತದೆ.

ಅದಕ್ಕೇ ಎರಡು ದಾರ ಬೇಕು. ಕೋಲಿನಿಂದ ಬರುವುದು ದಪ್ಪ ದಾರ. ಕೊಕ್ಕೆಗೆ ಕಟ್ಟುವ ಕೊನೆಯ ಒಂದೂವರೆ ಮೊಳ ಸ್ವಲ್ಪ ಸಣ್ಣ ದಾರ. ನಾವು ಇದನ್ನು ತುದಿ ದಾರ ಅನ್ನೋಣ. ನೀರು ತಿಳಿಯಾಗಿದ್ದರೆ ಎರಡು ಮೊಳ ಇರಲಿ. ಕೊಕ್ಕೆ ಬೇರಿಗೆ, ಕಲ್ಲಿಗೆ ಸಿಕ್ಕಿಕೊಂಡರೆ ತುದಿ ದಾರ ಮಾತ್ರ ಹರಿಯುತ್ತದೆ. ಬೆಂಡು, ದೊಡ್ಡ ದಾರ ಎಲ್ಲ ಉಳಿಯುತ್ತದೆ.

ಗೆಂಡೆ, ಜಿಲೇಬಿ ಮೀನಿಗೆ 0.18 ಅಥವಾ 0.20 ಸಾಕು. ರೋಹು, ಕಾಟ್ಲ ಇರುವ ಕೆರೆಗೆ 0.30 ಬೇಕು. ಆಗ ದೊಡ್ಡ ದಾರ 0.35 ಅಥವಾ 0.40 ಇರಲಿ. ಕೊರವ, ಬಾಳೆ ಮೀನಿನ ಮಾತೇ ಬೇರೆ. ಅವುಗಳ ಬಾಯಲ್ಲಿ ಹಲ್ಲಿವೆ, ದಾರವನ್ನು ಉಜ್ಜಿ ಕತ್ತರಿಸುತ್ತವೆ. ಕೊಕ್ಕೆಯ ಹತ್ತಿರ ಒಂದು ಗೇಣು ಸಣ್ಣ ಉಕ್ಕಿನ ತಂತಿ ಹಾಕಿ. ಸೈಕಲ್ ಬ್ರೇಕ್ ತಂತಿಯ ಒಂದು ಎಳೆ ಬಿಚ್ಚಿದರೂ ನಡೆಯುತ್ತದೆ. ತುಕ್ಕು ಹಿಡಿದದ್ದು ಬೇಡ.

ಇಂಗ್ಲೆಂಡಿನ ಹೊಳೆಗಳಲ್ಲಿ ಎರೆಹುಳ ಹಾಕದೆ ಟ್ರೌಟ್ ಮೀನು ಹಿಡಿಯುವವರಿದ್ದಾರೆ. ಕೊಕ್ಕೆಗೆ ಕೋಳಿ ಗರಿ, ನೂಲು ಸುತ್ತಿ ನೊಣದ ಹಾಗೆ ಮಾಡುತ್ತಾರೆ. ಅವರಿಗೂ ತುದಿ ದಾರವೇ ಮುಖ್ಯ. ನೊಣ ಸಣ್ಣದಾದಷ್ಟೂ ದಾರವೂ ಸಣ್ಣದು. ನೈಲಾನ್ ಬಂದದ್ದು 1935ರಲ್ಲಿ, ಅಮೆರಿಕದಲ್ಲಿ. ಅದಕ್ಕೆ ಮೊದಲು ಅವರು ತುದಿಗೆ ಏನು ಕಟ್ಟುತ್ತಿದ್ದರು ಗೊತ್ತೇ? ರೇಷ್ಮೆ ಹುಳದ ಕರುಳು! ಗೂಡು ಕಟ್ಟಲು ಸಿದ್ಧವಾದ ಹಣ್ಣು ಹುಳವನ್ನು ಹುಳಿ ನೀರಿನಲ್ಲಿ ನೆನೆಸಿ, ಒಳಗಿನ ರೇಷ್ಮೆ ಚೀಲ ತೆಗೆದು, ಎಳೆದು ಒಣಗಿಸುತ್ತಿದ್ದರು. ಕರುಳು ಅಂತ ಹೆಸರು ಅಷ್ಟೇ, ಅದು ರೇಷ್ಮೆಯೇ. ಸ್ಪೇನ್ ದೇಶದಲ್ಲಿ ಇದೇ ಒಂದು ಕಸುಬಾಗಿತ್ತು. ರೇಷ್ಮೆ ಸಾಕುವ ನಮ್ಮ ಓದುಗರಿಗೆ ಇದು ತಮಾಷೆ ಅನ್ನಿಸಬಹುದು.

ಈಗ ಗಂಟು. ಎರಡೂ ದಾರದ ತುದಿಗೆ ಒಂದೊಂದು ಕುಣಿಕೆ ಮಾಡಿ. ತುದಿ ದಾರದ ಕುಣಿಕೆಯನ್ನು ದೊಡ್ಡ ದಾರದ ಕುಣಿಕೆಯ ಮೇಲೆ ತೊಡಿಸಿ. ತುದಿ ದಾರದ ಇನ್ನೊಂದು ಕೊನೆಯನ್ನು ದೊಡ್ಡ ದಾರದ ಕುಣಿಕೆಯೊಳಗೆ ತೂರಿಸಿ ಎಳೆಯಿರಿ. ಆಮೇಲೆ ಆ ಕೊನೆಯನ್ನು ಕೊಕ್ಕೆಯ ಕಣ್ಣಿಗೆ ಪೋಣಿಸಿ, ದಾರಕ್ಕೇ ಐದಾರು ಸುತ್ತು ಸುತ್ತಿ. ಕಣ್ಣಿನ ಹತ್ತಿರ ಒಂದು ಸಂದು ಉಳಿದಿರುತ್ತದೆ. ಅದರೊಳಗೆ ಕೊನೆಯನ್ನು ತೂರಿಸಿ. ಎಳೆಯುವ ಮೊದಲು ಗಂಟನ್ನು ನೀರಿನಲ್ಲಿ ಅದ್ದಿ, ನಿಧಾನವಾಗಿ ಎಳೆಯಿರಿ. ಒಣಗಿದ್ದಾಗ ಜಗ್ಗಿದರೆ ದಾರ ಉಜ್ಜಿ ಬಿಸಿಯಾಗಿ ಅಲ್ಲೇ ಸೋಲುತ್ತದೆ.

ಮೀನು ಸಿಕ್ಕ ಮೇಲೆ ಪ್ರತಿ ಸಲವೂ ತುದಿ ದಾರವನ್ನು ಬೆರಳ ಸಂದಿನಲ್ಲಿ ಎಳೆದು ನೋಡಿ. ತರಿತರಿ ಅನ್ನಿಸಿದರೆ ಅಷ್ಟನ್ನು ಕತ್ತರಿಸಿ ಮತ್ತೆ ಕಟ್ಟಿ. ರೀಲನ್ನು ಬಿಸಿಲಿಗೆ ಬಿಡಬೇಡಿ, ಬಿಸಿಲಿಗೆ ನೈಲಾನ್ ಸಾಯುತ್ತದೆ. ಕತ್ತರಿಸಿದ ತುಂಡನ್ನು ಕೆರೆ ದಡದಲ್ಲಿ ಎಸೆಯಬೇಡಿ. ಅದು ಬೇಗ ಕೊಳೆಯುವುದಿಲ್ಲ. ಕೊಕ್ಕರೆ ಕಾಲಿಗೆ ಸುತ್ತಿಕೊಂಡರೆ ಬಿಡಿಸುವವರು ಯಾರು? ಅಜ್ಜ ಈಗ ಅಂಥ ತುಂಡುಗಳನ್ನು ಒಂದು ಬೆಂಕಿಪೊಟ್ಟಣದಲ್ಲಿ ತುಂಬಿಕೊಂಡು ಮನೆಗೆ ತರುತ್ತಾರೆ. ಹೊಸ ರೀಲೂ ತಂದಿದ್ದಾರೆ, 0.3ದು.