ರಕ್ತ ಕಮ್ಮಿ ಉಂಟಾ? ವರದಿಯ ಕೆಳಗಿನ ಸಾಲೂ ಓದಿ

ಮಂಗಳೂರಿನ ಉರ್ವದ ಕಡೆ ಯಾರಾದರೂ ಸುಸ್ತು ಎಂದರೆ ಸಲಹೆ ಸಿದ್ಧವಾಗಿರುತ್ತದೆ: "ರಕ್ತ ಕಮ್ಮಿ ಉಂಟು, ಮಾರ್ಕೆಟಿನಿಂದ ಹರಿವೆ, ಬೀಟ್‌ರೂಟ್ ತಂದು ತಿನ್ನಿ." ಜೊತೆಗೆ ಕಬ್ಬಿಣದ ಗುಳಿಗೆ. ನಮ್ಮಲ್ಲಿ ಕಬ್ಬಿಣದ ಕೊರತೆ ಬಹಳ, ಹಾಗಾಗಿ ಈ ಸಲಹೆ ಎಷ್ಟೋ ಸಲ ಸರಿಯೇ. ಆದರೆ ಕಮ್ಮಿ ಹಿಮೋಗ್ಲೋಬಿನ್‌ಗೆಲ್ಲ ಊಟವೇ ಕಾರಣವಲ್ಲ.

ಲ್ಯಾಬ್ ವರದಿಯಲ್ಲಿ ಎಂಸಿವಿ ಎಂಬ ಸಾಲಿದೆ. ಅದು ಕೆಂಪು ರಕ್ತಕಣದ ಸರಾಸರಿ ಗಾತ್ರ. ವಯಸ್ಕರಲ್ಲಿ ಸುಮಾರು 80ರಿಂದ 100. ಅದು 64ಕ್ಕೆ ಇಳಿದಿದ್ದು, ಕಣಗಳ ಎಣಿಕೆ ಮಾತ್ರ 58 ಲಕ್ಷ ಇದೆ ಎಂದುಕೊಳ್ಳಿ. ಕಬ್ಬಿಣ ಸಾಲದಾಗ ಸಾಮಾನ್ಯವಾಗಿ ಗಾತ್ರ, ಎಣಿಕೆ ಎರಡೂ ಇಳಿಯುತ್ತವೆ. ಸಣ್ಣ ಕಣಗಳೇ ಹೆಚ್ಚು ಸಂಖ್ಯೆಯಲ್ಲಿದ್ದರೆ ಹುಟ್ಟಿನಿಂದ ಬಂದ ಥಲಸ್ಸೇಮಿಯಾ ಗುಣವನ್ನು ಅನುಮಾನಿಸಬೇಕು. ಎಚ್‌ಪಿಎಲ್‌ಸಿ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಎ2 ಶೇ. 3.5ಕ್ಕಿಂತ ಮೇಲಿದ್ದರೆ ಬೀಟಾ ಥಲಸ್ಸೇಮಿಯಾ ವಾಹಕರೆಂದು ತಿಳಿಯುತ್ತದೆ. ಕಬ್ಬಿಣದ ಕೊರತೆಯೂ ಇದ್ದರೆ ಈ ಅಂಕಿ ತಗ್ಗಿ ಮೋಸ ಮಾಡಬಹುದು. ಆದ್ದರಿಂದ ದೇಹದ ಕಬ್ಬಿಣದ ಸಂಗ್ರಹ ತೋರಿಸುವ ಫೆರಿಟಿನ್ ಕೂಡ ನೋಡಿಸಬೇಕು. ಕೊರತೆಯೇ ಇಲ್ಲದ ವಾಹಕರಿಗೆ ವರ್ಷಗಟ್ಟಲೆ ಕಬ್ಬಿಣ ತಿನ್ನಿಸುವುದು ನನಗೆ ನಿಜಕ್ಕೂ ಬೇಸರದ ಸಂಗತಿ.

ವಾಹಕರು ರೋಗಿಗಳಲ್ಲ, ಮದುವೆಗೂ ಅಡ್ಡಿಯಿಲ್ಲ. ಸಂಗಾತಿಯೂ ವಾಹಕರಾಗಿದ್ದರೆ ಮಾತ್ರ ಪ್ರತಿ ಗರ್ಭದಲ್ಲೂ ಮಗುವಿಗೆ ತೀವ್ರ ರೂಪ ಬರುವ ಸಾಧ್ಯತೆ ಶೇ. 25. "ನಾವು ಸಂಬಂಧದೊಳಗೆ ಮದುವೆಯಾದವರಲ್ಲ" ಎಂಬ ಧೈರ್ಯ ಇಲ್ಲಿ ಸಾಲದು.

ಕಣಗಳ ಗಾತ್ರ, ಎಣಿಕೆಗಳ ಹಿಂದೆ ಒಂದೇ ಜೀನ್ ಇಲ್ಲ. 2012ರಲ್ಲಿ 'ನೇಚರ್'ನಲ್ಲಿ ಬಂದ, 1,35,367 ಜನರ ಅಧ್ಯಯನ ಇವುಗಳ ಮೇಲೆ ಪ್ರಭಾವ ಬೀರುವ 75 ಜೀನ್ ತಾಣಗಳನ್ನು ಗುರುತಿಸಿತು.

ರಕ್ತಕಣದ ಜೀನ್‌ಗಳ ಈ ಕತೆಯಲ್ಲಿ ಮಂಗಳೂರಿಗೆ ಹೆಚ್ಚು ಹತ್ತಿರದ್ದು ಮಲೇರಿಯಾ. ಥಲಸ್ಸೇಮಿಯಾ ಗುಣ ಮಲೇರಿಯಾದಿಂದ ರಕ್ಷಿಸುತ್ತಿರಬಹುದು ಎಂದು ವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್ 1949ರಲ್ಲೇ ಊಹಿಸಿದ್ದರು. ಜಿ-6-ಪಿಡಿ ಕಿಣ್ವದ ಕೊರತೆಗೂ ಅಂಥದ್ದೇ ನಂಟಿದೆ. ಆ ಕಿಣ್ವದ ಜೀನ್ ಎಕ್ಸ್ ಕ್ರೋಮೋಸೋಮಿನಲ್ಲಿರುವುದರಿಂದ ತೊಂದರೆ ಹೆಚ್ಚಾಗಿ ಗಂಡಸರಿಗೆ.

"ಜ್ವರ ಬಿಟ್ಟಿತು, ಇನ್ನು ಗುಳಿಗೆ ಯಾಕೆ?" ಎನ್ನುವವರು ತಿಳಿಯಬೇಕು: ಮಲೇರಿಯಾದ ವೈವ್ಯಾಕ್ಸ್ ಪರಾವಲಂಬಿ ಯಕೃತ್ತಿನಲ್ಲಿ ಅಡಗಿ ಕೂತು ಮತ್ತೆ ಬರುತ್ತದೆ, 14 ದಿನದ ಪ್ರಿಮಾಕ್ವಿನ್ ಗುಳಿಗೆ ಅದಕ್ಕೇ. ಆದರೆ ಜಿ-6-ಪಿಡಿ ಕೊರತೆಯಿದ್ದವರಲ್ಲಿ ಅದೇ ಗುಳಿಗೆ ರಕ್ತಕಣಗಳನ್ನು ಒಡೆಯಬಲ್ಲದು. ಮೂತ್ರ ಚಹಾ ಬಣ್ಣಕ್ಕೆ ತಿರುಗಿದರೆ ಗುಳಿಗೆ ನಿಲ್ಲಿಸಿ ಕೂಡಲೇ ವೈದ್ಯರ ಬಳಿ ಹೋಗಬೇಕು. ಕೊರತೆ ಮೊದಲೇ ಗೊತ್ತಿದ್ದರೆ, ವೈದ್ಯರು ತಮ್ಮ ನಿಗಾದಲ್ಲಿ ವಾರಕ್ಕೊಮ್ಮೆಯಂತೆ ಎಂಟು ವಾರ ಕೊಡುವ ಕ್ರಮವೂ ಇದೆ.