ಪಾರ್ಶ್ವವಾಯುವಿನಲ್ಲಿ ವಿದ್ಯುತ್ ಸೂಚೀಚಿಕಿತ್ಸೆ

ಮಿದುಳು ದೇಹದ ತೂಕದಲ್ಲಿ ನೂರಕ್ಕೆ ಸುಮಾರು 2 ಭಾಗ ಮಾತ್ರವಿದ್ದರೂ, ದೇಹವು ಬಳಸುವ ಆಮ್ಲಜನಕದಲ್ಲಿ ನೂರಕ್ಕೆ ಸುಮಾರು 20 ಭಾಗ ಅದಕ್ಕೇ ಬೇಕು. ಆದುದರಿಂದ ಅದರ ಒಂದು ಧಮನಿಯಲ್ಲಿ ರಕ್ತವು ಹೆಪ್ಪುಗಟ್ಟಿ ಹರಿವು ನಿಂತರೆ, ಕೆಲವೇ ನಿಮಿಷಗಳಲ್ಲಿ ನರಕೋಶಗಳು ಸಾಯತೊಡಗುತ್ತವೆ. ಆದರೆ ಎಲ್ಲವೂ ಒಮ್ಮೆಗೇ ಸಾಯುವುದಿಲ್ಲ. ನಡುವಣ ಭಾಗವು ಬೇಗನೆ ನಶಿಸಿದರೂ, ಅದರ ಸುತ್ತಣ ವಲಯವು ನೆರೆಯ ನಾಳಗಳಿಂದ ಒದಗುವ ಅಲ್ಪ ರಕ್ತದ ಬಲದಿಂದ, ತನ್ನ ಕೆಲಸವನ್ನು ನಿಲ್ಲಿಸಿಯಾದರೂ, ಕೆಲವು ಗಂಟೆಗಳ ಕಾಲ ಜೀವ ಹಿಡಿದಿರುತ್ತದೆ. ಗ್ರಹಣದ ಪರಿಭಾಷೆಯಿಂದ ಕಡ ತಂದು ಇದನ್ನು 'ಅರೆನೆರಳು' ಎಂದು ಕರೆದಿದ್ದಾರೆ. ಹೆಸರು ಬಹಳ ಒಪ್ಪುವಂಥದು. ಮಿದುಳನ್ನು ಉಳಿಸುವ ಆಸೆಯೆಲ್ಲ ಈ ವಲಯದ ಮೇಲೆಯೇ ನಿಂತಿದೆ.

ಚೀನೀಯರ ಪುರಾತನ ಸೂಜಿ ಚುಚ್ಚುವ ಪದ್ಧತಿಗೆ ಮಂದವಾದ ವಿದ್ಯುತ್ಪ್ರವಾಹವನ್ನು ಕೂಡಿಸಿದುದೇ ವಿದ್ಯುತ್ ಸೂಚೀಚಿಕಿತ್ಸೆ. ಸೂಜಿಯನ್ನು ತಿರುಗಿಸುವ ಕೈಚಳಕಕ್ಕೆ ಅಳತೆಯಿಲ್ಲ, ಪ್ರವಾಹಕ್ಕಾದರೋ ಅಳತೆಯುಂಟು. ಪ್ರಯೋಗಶಾಲೆಯು ಇದನ್ನು ಒಲಿದು ಸ್ವೀಕರಿಸಿದುದಕ್ಕೆ ಮುಖ್ಯ ಕಾರಣ ಇದೇ ಎಂದು ತೋರುತ್ತದೆ. ಸೆಕೆಂಡಿಗೆ 2 ಸ್ಪಂದನಗಳಿದ್ದರೆ ಎನ್‌ಕೆಫಲಿನ್ ಮತ್ತು ಎಂಡಾರ್ಫಿನ್‌ಗಳೂ, 100 ಇದ್ದರೆ ಡೈನಾರ್ಫಿನ್ನೂ ನರಮಂಡಲದಲ್ಲಿ ಬಿಡುಗಡೆಯಾಗುತ್ತವೆಂದು ಬೀಜಿಂಗಿನ ಹಾನ್ ಜಿಷೆಂಗ್ ಅವರು ತೋರಿಸಿದರು. ಆದರೆ ಅದು ನೋವಿನ ಶಮನಕ್ಕೆ ಸಂಬಂಧಿಸಿದ ಮಾತು.

ಮಿದುಳಿನ ರಕ್ಷಣೆಯ ವಿಷಯದಲ್ಲಿ ಸಾಕ್ಷ್ಯವು ಬಹುಮಟ್ಟಿಗೆ ಇಲಿಗಳದು. ಇಲಿಯ ಕತ್ತಿನ ಧಮನಿಯೊಳಗೆ ಸಣ್ಣ ನೈಲಾನ್ ಎಳೆಯನ್ನು ತೂರಿಸಿ, ಮಿದುಳಿನ ಮಧ್ಯಧಮನಿಯ ಬಾಯಿಯನ್ನು ಮುಚ್ಚುತ್ತಾರೆ. ಬಳಿಕ ಸತ್ತ ಭಾಗವನ್ನು ಅಳೆಯುತ್ತಾರೆ. ಷೀಆನ್ ನಗರದ ಷಿಯೊಂಗ್ ಲಿಝೆ ಮತ್ತು ಸಹೋದ್ಯೋಗಿಗಳು, ನೆತ್ತಿಯ ಮೇಲಣ 'ಬಾಯ್‌ಹುಯ್' ಬಿಂದುವಿನಲ್ಲಿ ಮುಂಚಿತವಾಗಿ ಪ್ರಚೋದನೆ ಕೊಟ್ಟ ಇಲಿಗಳಲ್ಲಿ ಹಾನಿ ಕಡಿಮೆಯಾಗಿರುವುದನ್ನು ಕಂಡರು. ದೇಹವೇ ತಯಾರಿಸುವ ಕ್ಯಾನಬಿನಾಯ್ಡ್ ದ್ರವ್ಯಗಳಿಗೆ ಇದರಲ್ಲಿ ಪಾತ್ರವಿದೆಯೆಂದು 2009ರಲ್ಲಿ ವರದಿಮಾಡಿದರು. ಇಲ್ಲಿ 'ಮುಂಚಿತವಾಗಿ' ಎಂಬ ಮಾತನ್ನು ವಾಚಕರು ಗಮನಿಸಬೇಕು. ಮನುಷ್ಯನಿಗೆ ಪಾರ್ಶ್ವವಾಯುವು ಹೇಳಿ ಕಳುಹಿಸಿ ಬರುವುದಿಲ್ಲ.

ಮನುಷ್ಯರ ಮೇಲಣ ಪರೀಕ್ಷೆಗಳಲ್ಲಿ ಸ್ವೀಡನ್ನಿನವು ಬೋಧಪ್ರದವಾಗಿವೆ. 1993ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ 78 ರೋಗಿಗಳಿದ್ದರು. ಎಲ್ಲರಿಗೂ ವಾಡಿಕೆಯ ವ್ಯಾಯಾಮಚಿಕಿತ್ಸೆ ದೊರೆಯಿತು. 38 ಮಂದಿಗೆ ಮಾತ್ರ ಅದರೊಡನೆ 10 ವಾರ ಸೂಚೀಚಿಕಿತ್ಸೆಯೂ ನಡೆಯಿತು. ಇವರು ಹೆಚ್ಚು ಬೇಗನೆ ಚೇತರಿಸಿಕೊಂಡರು. ಆದರೆ ಉಳಿದವರಿಗೆ ತೋರಿಕೆಯ ಚಿಕಿತ್ಸೆಯನ್ನೇನೂ ಕೊಟ್ಟಿರಲಿಲ್ಲ; ಸೂಜಿಯ ಫಲವನ್ನು ಹೆಚ್ಚಿನ ಆರೈಕೆಯ ಫಲದಿಂದ ಬೇರ್ಪಡಿಸಲು ದಾರಿಯಿರಲಿಲ್ಲ. ಈ ಕೊರತೆಯನ್ನು ತುಂಬಲು 150 ರೋಗಿಗಳೊಡನೆ ಮತ್ತೊಂದು ಪರೀಕ್ಷೆ ನಡೆಯಿತು. ಅದರಲ್ಲಿ ಒಂದು ಗುಂಪಿಗೆ ವಿದ್ಯುತ್ ಕೂಡಿದ ಸೂಚೀಚಿಕಿತ್ಸೆ, ಇನ್ನೊಂದಕ್ಕೆ ಚರ್ಮದ ಮೇಲಿನಿಂದ ಬಲವಾದ ವಿದ್ಯುತ್ ಪ್ರಚೋದನೆ, ಮೂರನೆಯದಕ್ಕೆ ಅರಿವಿಗೇ ಬಾರದಷ್ಟು ಮಂದವಾದ ಪ್ರವಾಹ. 2001ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಗುಂಪುಗಳ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಮೊದಲನೆಯದನ್ನು ನಡೆಸಿದವರೇ ಎರಡನೆಯದನ್ನೂ ಮುನ್ನಡೆಸಿ, ಫಲವನ್ನು ಮುಚ್ಚಿಡದೆ ಅಚ್ಚುಹಾಕಿಸಿದುದು ಮೆಚ್ಚತಕ್ಕ ಸಂಗತಿ.

ಹೆಪ್ಪನ್ನು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕು. ಆ ವೇಳೆಯನ್ನು ಸೂಜಿಗಾಗಿ ಕಳೆಯುವುದು ಅಪಾಯಕರ. 2001ರ ಪರೀಕ್ಷೆಗೆ ರೋಗಿಗಳನ್ನು ಸೇರಿಸಿಕೊಂಡುದಾದರೋ ಆಘಾತದ 5ರಿಂದ 10 ದಿನಗಳ ಬಳಿಕ. ಅಷ್ಟರಲ್ಲಿ ಅರೆನೆರಳಿನ ಭವಿತವ್ಯ ಇತ್ಯರ್ಥವಾಗಿಹೋಗಿರುತ್ತದೆ. ಹೀಗಾಗಿ ಇಲಿಯಲ್ಲಿ ಪರೀಕ್ಷಿಸಿದುದು ಕೋಶಗಳ ಉಳಿವನ್ನು, ಮನುಷ್ಯನಲ್ಲಿ ಪರೀಕ್ಷಿಸಿದುದು ಉಳಿದ ಕೋಶಗಳ ಮರುಕಲಿಕೆಯನ್ನು.