ಕಿವಿಯ ಬಳಿ ಯಾರೋ ಪಿಸುಗುಟ್ಟಿದಾಗ: ಒಂದು ವೀಡಿಯೊ ಆಟದ ಶಬ್ದವಿಜ್ಞಾನ

ಮಳೆಗಾಲದಲ್ಲಿ ಮಡಿಕೇರಿಯ ರಸ್ತೆಗಳಿಗೆ ಮಂಜು ಕವಿದರೆ ಹತ್ತು ಹೆಜ್ಜೆ ಆಚೆಗಿನದು ಕಾಣುವುದಿಲ್ಲ. ಆಗ ನಮಗೆ ಕಿವಿಯೇ ಕಣ್ಣು. ಜೀಪು ಎಡದಿಂದ ಬರುತ್ತಿದೆಯೋ ಬಲದಿಂದಲೋ ಎಂಬುದನ್ನು ನೋಡದೆಯೇ ಹೇಳುತ್ತೇವೆ. ಆದರೆ ಕಾಫಿ ತೋಟದಲ್ಲಿ ಸಿಳ್ಳಾರ ಹಕ್ಕಿ ಕೂಗಿದಾಗ ಅದು ಯಾವ ಮರದಲ್ಲಿದೆ ಎಂದು ಬೆರಳು ಮಾಡಿ ತೋರಿಸಲು ಹೋಗಿ ಸೋತವರೇ ಹೆಚ್ಚು. ಏಕೆ ಹೀಗೆ?

ಈ ಹಳೆಯ ಪ್ರಶ್ನೆ ನನಗೆ ಮತ್ತೆ ನೆನಪಾದದ್ದು ವೀಡಿಯೊ ಆಟವೊಂದರಿಂದ. ರಜೆಗೆ ಬಂದಿದ್ದ ಮಗಳು ನನ್ನ ತಲೆಗೆ ಹೆಡ್‌ಫೋನ್ ಏರಿಸಿ ಕಂಪ್ಯೂಟರಿನ ಮುಂದೆ ಕೂರಿಸಿದಳು. ಐದು ನಿಮಿಷದೊಳಗೆ ನಾನು ಕುರ್ಚಿಯಲ್ಲೇ ಹಿಂತಿರುಗಿ ನೋಡಿದೆ. ಹಿಂದೆ ಯಾರೂ ಇರಲಿಲ್ಲ!

ಆಟದ ಹೆಸರು ‘ಹೆಲ್‌ಬ್ಲೇಡ್: ಸೆನುವಾಸ್ ಸ್ಯಾಕ್ರಿಫೈಸ್’. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿರುವ ನಿಂಜಾ ಥಿಯರಿ ಸಂಸ್ಥೆ ಇದನ್ನು 2017ರಲ್ಲಿ ಹೊರತಂದಿತು. ಸೆನುವಾ ಪ್ರಾಚೀನ ಪಿಕ್ಟ್ ಜನಾಂಗದ ಯುವತಿ. ದಾಳಿಕೋರರ ಕೈಯಲ್ಲಿ ಸತ್ತ ಪ್ರಿಯಕರನ ಆತ್ಮವನ್ನು ಬಿಡಿಸಿ ತರಲು ಆಕೆ ನಾರ್ಸ್ ಪುರಾಣದ ಮೃತ್ಯುಲೋಕಕ್ಕೆ ಹೊರಡುತ್ತಾಳೆ. ಆಕೆಗೆ ಸೈಕೋಸಿಸ್ ಎಂಬ ಮನೋವ್ಯಾಧಿ. ಸುತ್ತ ಯಾರೂ ಇಲ್ಲದಿದ್ದರೂ ದನಿಗಳು ಕೇಳಿಸುತ್ತವೆ: ಹಂಗಿಸುತ್ತವೆ, ನಗುತ್ತವೆ, ‘ತಿರುಗಿ ಹೋಗು’ ಎನ್ನುತ್ತವೆ. ಕತ್ತಿಯೇಟು ಹಿಂದಿನಿಂದ ಬರುವಾಗ ಎಚ್ಚರಿಸುವುದೂ ಅವೇ. ಹೀಗಾಗಿ ಆಡುವವನು ಅವನ್ನು ದ್ವೇಷಿಸುತ್ತಲೇ ನೆಚ್ಚಿಕೊಳ್ಳತೊಡಗುತ್ತಾನೆ. ಆಟ ತಯಾರಿಸುವಾಗ ಕೇಂಬ್ರಿಜ್ ವಿಶ್ವವಿದ್ಯಾಲಯದ ಮನೋವೈದ್ಯ ವಿಜ್ಞಾನಿ ಪಾಲ್ ಫ್ಲೆಚರ್ ಸಲಹೆ ನೀಡಿದ್ದರು. ಇಂಥ ದನಿಗಳನ್ನು ಸ್ವತಃ ಕೇಳಿದವರನ್ನೂ ತಯಾರಕರು ಜೊತೆಗಿಟ್ಟುಕೊಂಡಿದ್ದರು. (ಇದು ವಯಸ್ಕರ ಆಟ, ಶಾಲಾ ಮಕ್ಕಳದ್ದಲ್ಲ.)

ಈಗ ಭೌತವಿಜ್ಞಾನಕ್ಕೆ ಬರೋಣ. ನಮ್ಮ ಬಲಕ್ಕಿರುವ ಆಕರದಿಂದ ಹೊರಟ ಶಬ್ದ ಎಡಗಿವಿಗೆ ತಲುಪಲು ತಲೆಯನ್ನು ಬಳಸಿ ಸುಮಾರು 22 ಸೆಂ.ಮೀ. ಹೆಚ್ಚು ದೂರ ಕ್ರಮಿಸಬೇಕು. ಗಾಳಿಯಲ್ಲಿ ಶಬ್ದದ ವೇಗ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸೆಕೆಂಡಿಗೆ 343 ಮೀಟರ್. ಭಾಗಿಸಿ ನೋಡಿ: ವಿಳಂಬ ಸುಮಾರು 0.64 ಮಿಲಿಸೆಕೆಂಡ್ ಮಾತ್ರ. ಇಷ್ಟು ಅಲ್ಪ ಕಾಲಾಂತರವನ್ನು ಮಿದುಳು ದಿಕ್ಕಾಗಿ ಪರಿವರ್ತಿಸುತ್ತದೆ. ಅನುಕೂಲಕರ ಸನ್ನಿವೇಶದಲ್ಲಿ 10 ಮೈಕ್ರೊಸೆಕೆಂಡಿನ ವ್ಯತ್ಯಾಸವೂ ಅದಕ್ಕೆ ತಿಳಿಯುತ್ತದೆ.

ಇನ್ನೊಂದು ಸುಳಿವು ತೀವ್ರತೆಯದು. ಹೆಚ್ಚಿನ ಆವೃತ್ತಿಯ ಶಬ್ದದ ತರಂಗದೂರ ತಲೆಗಿಂತ ಚಿಕ್ಕದು. ಅದಕ್ಕೆ ತಲೆ ಅಡ್ಡಿಯಾಗಿ, ಆಚೆಯ ಕಿವಿ ಶಬ್ದದ ‘ನೆರಳಿ’ನಲ್ಲಿ ಬೀಳುತ್ತದೆ. ಲಾರ್ಡ್ ರ್‍ಯಾಲೀ 1907ರಲ್ಲಿ ಈ ಎರಡನ್ನೂ ಜೋಡಿಸಿ ವಿವರಿಸಿದರು: ಕಡಿಮೆ ಆವೃತ್ತಿಯಲ್ಲಿ ಕಾಲಾಂತರ, ಹೆಚ್ಚಿನ ಆವೃತ್ತಿಯಲ್ಲಿ ತೀವ್ರತೆ. ಸುಮಾರು 1500 ಹರ್ಟ್ಸ್‌ನಿಂದ ಮೇಲೆ ಸ್ವಲ್ಪ ದೂರ ಎರಡೂ ದುರ್ಬಲ. ಸಿಳ್ಳೆಯಂಥ ಏಕಸ್ವರಗಳ ಜಾಡು ಹಿಡಿಯುವುದು ಕಷ್ಟವಾಗಲು ಇದೇ ಮುಖ್ಯ ಕಾರಣ. ಜೀಪಿನ ಗದ್ದಲದಲ್ಲಾದರೋ ಎಲ್ಲ ಆವೃತ್ತಿಗಳೂ ಇರುತ್ತವೆ.

ಇನ್ನು ಮುಂದೆಯೋ ಹಿಂದೆಯೋ ಎಂಬ ಪ್ರಶ್ನೆ. ಮೂಗಿನ ನೇರಕ್ಕಿರುವ ಶಬ್ದವೂ ಬೆನ್ನ ಹಿಂದಿನ ಶಬ್ದವೂ ಎರಡು ಕಿವಿಗಳಿಗೆ ಏಕಕಾಲದಲ್ಲೇ ತಲುಪುತ್ತವೆ. ಇಲ್ಲಿ ನೆರವಾಗುವುದು ಹೊರಗಿವಿಯ ಮಡಿಕೆಗಳು. ದಿಕ್ಕಿಗೆ ಅನುಗುಣವಾಗಿ ಅವು ಕೆಲವು ಆವೃತ್ತಿಗಳನ್ನು ಹೆಚ್ಚಿಸಿ ಕೆಲವನ್ನು ತಗ್ಗಿಸುತ್ತವೆ. ಆಟದ ದನಿಮುದ್ರಣದ ಗುಟ್ಟೂ ಇದೇ. ಕಿವಿಗಳಿರುವ ತಲೆಯ ಮಾದರಿಯೊಳಗೆ ಎರಡು ಮೈಕ್ರೊಫೋನುಗಳು. ನಟಿಯರು ಅದರ ಸುತ್ತ ಓಡಾಡುತ್ತ, ಬಾಗುತ್ತ ಪಿಸುಗುಡುತ್ತಾರೆ. ಎಡ ಮೈಕಿನದು ಎಡಗಿವಿಗೆ, ಬಲ ಮೈಕಿನದು ಬಲಗಿವಿಗೆ ಹೋಗಬೇಕು. ಅದಕ್ಕೇ ಹೆಡ್‌ಫೋನ್ ಬೇಕು. ಸ್ಪೀಕರಿನಲ್ಲಿ ಎರಡೂ ಬೆರೆತು ಮಾಯೆ ಕರಗುತ್ತದೆ.

ತರಗತಿಯಲ್ಲಿ ಇದನ್ನು ಪರೀಕ್ಷಿಸಬಹುದು. ಎರಡು ಮೀಟರ್ ರಬ್ಬರ್ ಕೊಳವೆಯ ತುದಿಗಳನ್ನು ವಿದ್ಯಾರ್ಥಿಯೊಬ್ಬ ಕಿವಿಗಳಿಗೆ ಹಿಡಿದುಕೊಳ್ಳಲಿ. ಒಳಕ್ಕೆ ತುರುಕುವುದು ಬೇಡ. ಅವನ ಬೆನ್ನ ಹಿಂದೆ ನಿಂತು ಕೊಳವೆಯ ನಡುಭಾಗದ ಆಚೀಚೆ ಪೆನ್ಸಿಲಿನಿಂದ ಮೆಲ್ಲಗೆ ತಟ್ಟಿ. ನಡುವಿನಿಂದ 2 ಸೆಂ.ಮೀ. ಸರಿದರೆ ಪಥಾಂತರ 4 ಸೆಂ.ಮೀ., ಕಾಲಾಂತರ ಸುಮಾರು 117 ಮೈಕ್ರೊಸೆಕೆಂಡ್. ಹೆಚ್ಚಿನವರು ಎಡ ಬಲ ತಪ್ಪದೆ ಹೇಳುತ್ತಾರೆ.

ಆಟಗಳ ಗೀಳು ಸುಳ್ಳಲ್ಲ. ಅದೂ ಸೇರಿದಂತೆ ತಂತ್ರಜ್ಞಾನದ ಗೀಳುಗಳಿಗೆಂದೇ ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲಿ ಪ್ರತ್ಯೇಕ ಚಿಕಿತ್ಸಾಲಯ ತೆರೆಯಿತು. ಆದರೆ ಈ ಆಟ ನನಗೆ ನೆನಪಿಸಿದ್ದು ಬಹಳ ಹಿಂದಿನ ನನ್ನೊಬ್ಬ ವಿದ್ಯಾರ್ಥಿಯನ್ನು. ಪ್ರಯೋಗಾಲಯದಲ್ಲಿ ಅವನು ಆಗಾಗ ಥಟ್ಟನೆ ಹಿಂತಿರುಗಿ ನೋಡುತ್ತಿದ್ದ. ಸಹಪಾಠಿಗಳು ನಗುತ್ತಿದ್ದರು. ಗಮನ ಪಾಠದ ಕಡೆಗಿರಲಿ ಎಂದು ನಾನೂ ಗದರಿದ್ದೆ. ಮನೆಯವರು ಮಂತ್ರವಾದಿಗಳ ಬಳಿ ಒಂದು ವರ್ಷ ಕಳೆದ ಮೇಲೆ ವೈದ್ಯರಲ್ಲಿಗೆ ಕರೆದೊಯ್ದರು. ಔಷಧದಿಂದ ಬಹುಮಟ್ಟಿಗೆ ಗುಣವಾಯಿತು. ಈಗಾದರೆ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು. ‘ಟೆಲಿ ಮಾನಸ್’ ಎಂಬ ಈ ಸೇವೆ 2022ರ ಅಕ್ಟೋಬರಿನಲ್ಲಿ ಆರಂಭವಾಯಿತು. ಅಂದಹಾಗೆ, ದನಿ ಕೇಳಿದವರೆಲ್ಲ ರೋಗಿಗಳಲ್ಲ. ಆಪ್ತರನ್ನು ಕಳೆದುಕೊಂಡವರಿಗೆ ಸತ್ತವರ ದನಿ ಕೇಳಿಸುವುದುಂಟು.

ಗುಣವಾದ ಬಳಿಕ ಅವನು ಹೇಳಿದ ಮಾತೊಂದು ಆಗ ಅರ್ಥವಾಗಿರಲಿಲ್ಲ: “ನಾನು ತಿರುಗಿದರೆ ಅದೂ ತಿರುಗುತ್ತಿತ್ತು, ಸಾರ್.” ಹೊರಗಿನ ಶಬ್ದವಾದರೆ ತಲೆ ತಿರುಗಿಸಿದೊಡನೆ ಕಾಲಾಂತರ ಬದಲಾಗುತ್ತದೆ, ಆಕರ ತನ್ನ ಜಾಗದಲ್ಲೇ ಉಳಿಯುತ್ತದೆ. ಹೆಡ್‌ಫೋನಿನ ಪಿಸುಮಾತು ಮಾತ್ರ ತಲೆಯೊಂದಿಗೇ ತಿರುಗುತ್ತದೆ. ನಾನು ಎಷ್ಟು ಹೊರಳಿದರೂ ಸೆನುವಾಳ ದನಿಗಳು ಎಡಭುಜದ ಹಿಂದೆಯೇ ಇದ್ದವು. ಕೊನೆಗೆ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟೆ. ಆ ಹುಡುಗನಿಗೆ ತೆಗೆದಿಡಲು ಏನೂ ಇರಲಿಲ್ಲ.